ನಿನ್ನನ್ನು ಕರೆದವರು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಕಡೆಯ ವಿಷಯ ಕೇಳಿವೆ. ಪೂರ್ವ ಆಫ್ರಿಕಾದ ಹಳ್ಳಿಗೆ ಇಂಟರ್ನ್ ಆಗಿ, ಸ್ವಯಂಸೇವೆಗೆ ಅಂತ ಹೊರಟ ಮಕ್ಕಳು ಮತ್ತು ಅವರ ಮನೆಯವರು ಬರೆದಿದ್ದಾರೆ. 1998ರಲ್ಲಿ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಓದುವಾಗ ನಾನೂ ಪಶ್ಚಿಮ ಕೀನ್ಯಾದ ಸಿಯಾಯ ಕಡೆಯ ಒಂದು ಹಳ್ಳಿಯಲ್ಲಿ ಹತ್ತು ವಾರ ಇದ್ದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಇರಲಿ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಿ.ಎಸ್.ಡಬ್ಲ್ಯು. ಕೊನೆಯ ವರ್ಷದ ವಿದ್ಯಾರ್ಥಿನಿ. ಜೂನ್‌ನಿಂದ ಎಂಟು ವಾರ ಕೀನ್ಯಾದ ಕಿಸುಮು ಹತ್ತಿರದ ಹಳ್ಳಿಗೆ ಕಳಿಸುತ್ತೇವೆ ಅಂತ ಒಂದು ಏಜೆನ್ಸಿ ಹೇಳಿದೆ. ದುಡ್ಡು ಜಾಸ್ತಿ ಕೇಳುತ್ತಿದ್ದಾರೆ. ಅಪ್ಪ ಸಾಲ ಮಾಡಿ ಕೊಡಲು ತಯಾರಿದ್ದಾರೆ. ಆದರೆ ನಾನು ಹೋಗುವುದರಿಂದ ಅಲ್ಲಿಯವರಿಗೆ ನಿಜವಾಗಿ ಉಪಯೋಗ ಇದೆಯಾ? ಹೋಗುವುದಾದರೆ ಏನೇನು ಸಿದ್ಧ ಮಾಡಿಕೊಳ್ಳಬೇಕು?
– ಒಬ್ಬ ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ನಿನ್ನ ವಯಸ್ಸಿನಲ್ಲೇ ನಾನೂ ಹೊರಟಿದ್ದು, ಅದಕ್ಕೆ ನೀನು ಅಂತಲೇ ಕರೆಯುತ್ತೇನೆ ಮಗಳೇ. ಅಪ್ಪ ಸಾಲಕ್ಕೆ ಕೈ ಹಾಕುವ ಮೊದಲು ಆ ಏಜೆನ್ಸಿಯವರನ್ನು ಒಂದು ಮಾತು ಕೇಳು. ನನ್ನನ್ನು ಕರೆದವರು ಯಾರು?

ಆ ಊರಿನವರು ಯಾರಾದರೂ ಕರೆದಿರಬೇಕು. ಮಹಿಳಾ ಸಂಘದವರೋ, ಆರೋಗ್ಯ ಕೇಂದ್ರದ ನರ್ಸೋ, ಶಾಲೆಯ ಮೇಷ್ಟ್ರೋ. ‘ಇಂಥ ಕೆಲಸಕ್ಕೆ ಒಬ್ಬ ಹುಡುಗಿ ಬೇಕಿತ್ತು’ ಅಂತ ಅವರ ಬಾಯಿಂದ ಬಂದಿರಬೇಕು. ಅವರ ಹೆಸರು, ಫೋನ್ ನಂಬರ್ ತೆಗೆದುಕೋ. ನೀನೇ ಫೋನ್ ಮಾಡಿ ಮಾತಾಡು. ಕೀನ್ಯಾದಲ್ಲಿ ಇಂಗ್ಲಿಷ್ ನಡೆಯುತ್ತದೆ. ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ, ಅಷ್ಟೆ. ನಂಬರ್ ಕೊಡಲು ಏಜೆನ್ಸಿ ಹಿಂದೆಮುಂದೆ ನೋಡಿದರೆ ಆ ದಾರಿ ಬಿಟ್ಟುಬಿಡು. ನೀನು ಕಟ್ಟುವ ದುಡ್ಡಿನಲ್ಲಿ ಆ ಊರಿಗೆ ಎಷ್ಟು ಸೇರುತ್ತದೆ, ನಿನಗೆ ಊಟ ಹಾಕುವ ಮನೆಯವರಿಗೆ ಎಷ್ಟು ಕೊಡುತ್ತಾರೆ ಅನ್ನುವುದನ್ನೂ ಬರವಣಿಗೆಯಲ್ಲಿ ಪಡೆದುಕೋ. ಕೇಳಲು ಸಂಕೋಚ ಬೇಡ. ಅದು ನಿನ್ನ ಅಪ್ಪನ ದುಡಿಮೆ.

ಉಪಯೋಗದ ಮಾತಿಗೆ ನನ್ನದೇ ಅನುಭವ ಹೇಳುತ್ತೇನೆ. ಬೆಂಗಳೂರಿನಿಂದ ಹೊರಡುವಾಗ ನೀರು ಕುದಿಸಿ ಕುಡಿಯಿರಿ ಅಂತ ಚಾರ್ಟ್ ಬರೆದುಕೊಂಡು ಹೋಗಿದ್ದೆ. ಹಳ್ಳಿಯ ಹೆಂಗಸರ ಮುಂದೆ ಅದನ್ನು ಬಿಡಿಸಿಟ್ಟು ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಮಾರನೆಯ ದಿನ ಆ ಊರಿನ ಆರೋಗ್ಯ ಕಾರ್ಯಕರ್ತೆ, ನಮ್ಮ ಅಮ್ಮನ ವಯಸ್ಸಿನವರು, ‘ಬಾ, ಸೌದೆ ತರೋಣ’ ಅಂತ ಕರೆದುಕೊಂಡು ಹೋದರು. ಬೆಳಿಗ್ಗೆ ಹೊರಟವರು ಗುಡ್ಡದ ಆಚೆ ಪೊದೆಗಳಲ್ಲಿ ಪುಳ್ಳೆ ಆರಿಸಿ, ಕತ್ತಿಯಲ್ಲಿ ಕೊಚ್ಚಿ, ಬಾಳೆನಾರಿನಲ್ಲಿ ಹೊರೆ ಕಟ್ಟಿದೆವು. ತಲೆ ಮೇಲೆ ಸಿಂಬಿ ಇಟ್ಟು ಹೊರೆ ಹೊರಿಸಿದರು. ಅರ್ಧ ದಾರಿಗೆ ನನ್ನ ಕುತ್ತಿಗೆ ನಡುಗಲು ಶುರುವಾಯಿತು. ಮನೆ ಮುಟ್ಟಿದಾಗ ಮಧ್ಯಾಹ್ನ. ಅವರು ಆ ಹೊರೆಯನ್ನು ಮೂರು ಪಾಲು ಮಾಡಿ ಗೋಡೆಗೆ ಒರಗಿಸಿದರು. ಒಂದೊಂದು ಪಾಲು ಒಂದೊಂದು ದಿನದ ಅಡುಗೆಗೆ. ನೀರು ಕುದಿಸುವುದಕ್ಕೆ ನಾಲ್ಕನೆಯ ಪಾಲು ಇರಲಿಲ್ಲ. ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆ ಚಾರ್ಟನ್ನು ನಾನು ಮತ್ತೆ ಬಿಡಿಸಲಿಲ್ಲ. ಆಮೇಲಿನ ವಾರಗಳಲ್ಲಿ ನಾವು ಮಾತಾಡಿದ್ದು ನೀರಿನ ಮಡಕೆಗೆ ಮುಚ್ಚಳ ಹಾಕುವುದು, ಕೈ ಅದ್ದದೆ ಉದ್ದ ಹಿಡಿಯ ಸೌಟಿನಲ್ಲಿ ನೀರು ತೆಗೆಯುವುದು. ಆ ಸೌಟಿನ ಯೋಚನೆ ಕೂಡ ಅವರದೇ.

ಆದ್ದರಿಂದ ಮೊದಲ ಎರಡು ವಾರ ಯಾರ ಹಿಂದಾದರೂ ನಡೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅಲ್ಲೂ ಮನೆಮನೆಗೆ ಹೋಗುವವರಿದ್ದಾರೆ. 2023ರಲ್ಲಿ ಕೀನ್ಯಾ ಸರ್ಕಾರ ಹೀಗೆ 1 ಲಕ್ಷದಷ್ಟು ಜನರಿಗೆ ಕಿಟ್ ಕೊಟ್ಟು ಕೆಲಸಕ್ಕೆ ಇಳಿಸಿತು. ಅಂಥ ಒಬ್ಬರು ನಿನ್ನ ಗುರು ಆಗಲಿ. ಅವರ ರಿಜಿಸ್ಟರ್ ನೋಡಿ ಬರೆದುಕೊಡುವುದು, ಮಕ್ಕಳ ತೂಕ ಹಾಕುವಾಗ ಪಕ್ಕದಲ್ಲಿ ನಿಂತು ಅಂಕಿ ಬರೆಯುವುದು, ಸಂಘದ ಲೆಕ್ಕಪುಸ್ತಕವನ್ನು ಕಂಪ್ಯೂಟರ್‌ಗೆ ಹಾಕಿ ಅವರಲ್ಲೊಬ್ಬರಿಗೆ ಕಲಿಸಿ ಬರುವುದು. ಇವು ಸಣ್ಣ ಕೆಲಸ ಅಂತ ಅಂದುಕೊಳ್ಳಬೇಡ. ನೀನು ವಾಪಸ್ ಬಂದ ಮೇಲೂ ಆ ಊರಲ್ಲಿ ನಡೆಯುವ ಕೆಲಸ ಇಂಥದ್ದೇ.

ಗಡಿಯಾರದ ವಿಷಯ ಯಾರೂ ನಿನಗೆ ಹೇಳಿರಲಾರರು. ಕಿಸುಮು ಹತ್ತಿರವೇ ಸಮಭಾಜಕ ರೇಖೆ ಹಾಯುತ್ತದೆ. ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟುವುದರಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ‘ಸಾ ಮೋಜಾ’, ಅಂದರೆ ಒಂದು ಗಂಟೆ. ‘ಸಾ ತಾತು’ ಅಂದರೆ ಮೂರು, ಆದರೆ ಅದು ನಮ್ಮ ಒಂಬತ್ತು. ಆಗಷ್ಟೇ ಅಂಕಿ ಕಲಿತಿದ್ದ ನಾನು ಸಾ ತಾತು ಸಭೆಗೆ ಮಧ್ಯಾಹ್ನ ಮೂರಕ್ಕೆ ಹೋದೆ. ಮಾವಿನ ಮರದ ಕೆಳಗೆ ಯಾರೂ ಇರಲಿಲ್ಲ. ಹನ್ನೊಂದು ಹೆಂಗಸರು ಹೊಲದ ಕೆಲಸ ಬಿಟ್ಟು ಬಂದು, ಬೆಳಗಿನಿಂದ ಕಾದು, ಎದ್ದು ಹೋಗಿದ್ದರು. ಮರುದಿನ ಮನೆಮನೆಗೆ ಹೋಗಿ ಕ್ಷಮೆ ಕೇಳಿದೆ. ಪ್ರತಿ ಮನೆಯಲ್ಲೂ ‘ಪೋಲೆ’ ಅಂದರು. ಇನ್ನೊಬ್ಬರ ಕಷ್ಟ ಕಂಡಾಗ ಅಯ್ಯೋ ಪಾಪ ಅನ್ನುತ್ತೇವಲ್ಲ, ಅದು. ಕಾದವರು ಅವರು, ಸಮಾಧಾನ ಹೇಳಿಸಿಕೊಂಡವಳು ನಾನು. ಇಂದಿಗೂ ಅದು ನನ್ನ ಮನಸ್ಸಿನಲ್ಲಿದೆ. ಯಾರಾದರೂ ಸಮಯ ಹೇಳಿದರೆ ‘ಬೆಳಿಗ್ಗೆಯಾ, ಮಧ್ಯಾಹ್ನವಾ’ ಅಂತ ಕೇಳಿಬಿಡು.

ಇನ್ನು ಸಿದ್ಧತೆ. ಯೆಲ್ಲೋ ಫೀವರ್ ಲಸಿಕೆ ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿ ಹಳದಿ ಕಾರ್ಡ್ ತೆಗೆದುಕೋ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಆ ಕಾರ್ಡ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ಇಲ್ಲಿನ ಏರ್‌ಪೋರ್ಟ್‌ನಲ್ಲಿ ನಿಲ್ಲಿಸಿ 6 ದಿನದವರೆಗೆ ಪ್ರತ್ಯೇಕ ಇಡಬಹುದು. ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೋ.

ಮಲೇರಿಯಾ ಮಾತ್ರ ತಮಾಷೆಯಲ್ಲ. ವಿಕ್ಟೋರಿಯಾ ಸರೋವರದ ಸುತ್ತ ಅದು ಜಾಸ್ತಿ, ಅದರಲ್ಲೂ ಜೀವ ತೆಗೆಯುವ ಫಾಲ್ಸಿಪಾರಮ್ ಜಾತಿಯದು. ತಡೆ ಮಾತ್ರೆ ಯಾವುದು ಅಂತ ಡಾಕ್ಟರ್ ಹೇಳಲಿ. ಡಾಕ್ಸಿಸೈಕ್ಲಿನ್ ಕೊಟ್ಟರೆ ಅಲ್ಲಿಂದ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಬಹಳ ಮಕ್ಕಳು ಮನೆಗೆ ಬಂದೆವಲ್ಲ ಅಂತ ಅಲ್ಲೇ ನಿಲ್ಲಿಸಿಬಿಡುತ್ತಾರೆ. ಮಾತ್ರೆ ನುಂಗಿದರೂ ಔಷಧಿ ಸವರಿದ ಸೊಳ್ಳೆಪರದೆ ಬೇಕೇ ಬೇಕು. ವಾಪಸ್ ಬಂದ ಮೇಲೆ ತಿಂಗಳುಗಳ ನಂತರ ಜ್ವರ ಬಂದರೂ ಡಾಕ್ಟರ್ ಹತ್ತಿರ ಮೊದಲ ಮಾತೇ ‘ನಾನು ಆಫ್ರಿಕಾಕ್ಕೆ ಹೋಗಿದ್ದೆ’ ಅಂತಿರಲಿ. ಬೆಂಗಳೂರಿನಲ್ಲಿ ಜ್ವರ ಅಂದರೆ ಎಲ್ಲರ ತಲೆಗೂ ಮೊದಲು ಬರುವುದು ಡೆಂಗಿ. ಅಷ್ಟರಲ್ಲಿ ಒಂದು ದಿನ ಕಳೆದರೂ ಫಾಲ್ಸಿಪಾರಮ್ ಕೈ ಮೀರಬಹುದು.

ಸರೋವರ ನೋಡಲು ಚೆಂದ, ನೀರಿಗೆ ಇಳಿಯಬೇಡ. ಅಲ್ಲಿನ ಬಸವನಹುಳುಗಳಿಂದ ಬರುವ ಪರೋಪಜೀವಿ ಚರ್ಮದ ಮೂಲಕ ಮೈ ಸೇರುತ್ತದೆ. ಬಿಲ್ಹಾರ್ಜಿಯಾ ಅಂತ ಕಾಯಿಲೆ.

ಕಾಗದಪತ್ರದ ವಿಷಯ. 2024ರ ಜನವರಿಯಿಂದ ಕೀನ್ಯಾ ವೀಸಾ ಬದಲು ಇಟಿಎ ಅನ್ನುವ ಆನ್‌ಲೈನ್ ಅನುಮತಿ ತಂದಿದೆ. ‘ಪ್ರವಾಸ ಅಂತ ಹಾಕಿ ಬಂದುಬಿಡು, ಅಲ್ಲಿ ನೋಡಿಕೊಳ್ಳೋಣ’ ಅಂತ ಯಾರು ಹೇಳಿದರೂ ಒಪ್ಪಬೇಡ. ಸಂಬಳ ಇಲ್ಲದಿದ್ದರೂ ಕೆಲಸ ಕೆಲಸವೇ. ಇಂಟರ್ನ್‌ಗಳಿಗೆ ಬೇರೆ ಪಾಸ್ ಇದೆ. ಅದನ್ನು ಕರೆದವರೇ ಮಾಡಿಸಿಕೊಡಬೇಕು. ಯಾರು ಕರೆದರು ಅಂತ ಮೊದಲೇ ಕೇಳು ಅಂದಿದ್ದು ಇದಕ್ಕೂ ಸೇರಿಸಿಯೇ.

ಪ್ರಶ್ನೆ: ನಮ್ಮ ಮಗಳು ಕೀನ್ಯಾಕ್ಕೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾವು ಮೊಟ್ಟೆಯನ್ನೂ ತಿನ್ನದವರು. ಎರಡು ತಿಂಗಳು ಅವಳು ಏನು ತಿನ್ನುತ್ತಾಳೆ? ಅದಕ್ಕಿಂತ ದೊಡ್ಡ ಭಯ, ಒಂಟಿ ಹೆಣ್ಣುಮಗಳು ಆ ಜನರ ಮಧ್ಯೆ ಹೇಗೆ ಇರುತ್ತಾಳೆ? ರಾತ್ರಿ ನಿದ್ದೆ ಬರುತ್ತಿಲ್ಲ.
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ನಿಮ್ಮ ನಿದ್ದೆಗೆಟ್ಟ ರಾತ್ರಿ ನನಗೆ ಅರ್ಥವಾಗುತ್ತದೆ. ನಮ್ಮಮ್ಮನೂ ಹೀಗೇ ಬಾಗಿಲು ಹಿಡಿದು ನಿಂತಿದ್ದರು.

ಊಟದ ಚಿಂತೆ ಬಿಡಿ. ಅಲ್ಲಿಯ ಮುಖ್ಯ ಊಟ ಉಗಾಲಿ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಲ್ಲಿ ಗುಳಿ ಒತ್ತಿ, ಅದರಲ್ಲಿ ಸೊಪ್ಪು ಎತ್ತಿಕೊಂಡು ತಿನ್ನುತ್ತಾರೆ. ಆ ಸೊಪ್ಪಿನ ಹೆಸರು ಸುಕುಮಾ ವಿಕಿ. ‘ವಾರ ತಳ್ಳು’ ಅಂತ ಅರ್ಥ. ಕೈಯಲ್ಲಿ ದುಡ್ಡಿಲ್ಲದಾಗಲೂ ವಾರ ತಳ್ಳಿಸುವ ಸೊಪ್ಪು. ಹೆಸರುಕಾಳಿನ ಸಾರಿಗೆ ನ್ದೆಂಗು ಅನ್ನುತ್ತಾರೆ. ಹುರುಳಿಕಾಯಿ ಬೀಜದ ಜೊತೆ ಮೆಕ್ಕೆಜೋಳ ಬೇಯಿಸಿದ್ದು ಗಿಥೇರಿ. ಚಪಾತಿಗೆ ಚಪಾತಿ ಅಂತಲೇ ಹೆಸರು, ಚಹಾಕ್ಕೆ ಚಾಯ್. ಹುಳಿ ಹಾಲು ‘ಮಾಲಾ’ ಅಂತ ಸಿಗುತ್ತದೆ, ಮೊಸರನ್ನಕ್ಕೆ ಅದೇ ಆಯಿತು. ಆದರೆ ಸರೋವರದ ಕಡೆ ಓಮೆನಾ ಅನ್ನುವ ಸಣ್ಣ ಮೀನು ಒಣಗಿಸುತ್ತಾರೆ, ಅದರ ವಾಸನೆ ಬೀದಿ ತುಂಬ ಇರುತ್ತದೆ. ಮಗಳಿಗೆ ಮೊದಲೇ ಹೇಳಿಡಿ. ಸೊಪ್ಪಿಗೆ ಮಾಂಸದ ಸಾರು ಬೆರೆಸುವುದೂ ಉಂಟು. ಇಳಿದುಕೊಳ್ಳುವ ಮನೆಯವರಿಗೆ ಹೋಗುವ ಮುಂಚೆಯೇ ತಿಳಿಸಿ. ಹೋದ ಮೇಲೆ ಅವರು ಬಡಿಸಿದ್ದನ್ನು ಪಕ್ಕಕ್ಕೆ ತಳ್ಳುವುದಕ್ಕಿಂತ ಅದು ಮೇಲು.

ನಾನು ಅಲ್ಲಿಗೆ ಹೋದ ಎರಡನೆಯ ಬೆಳಿಗ್ಗೆ ಒಂದು ಬಟ್ಟಲು ಬಿಸಿ ಗಂಜಿ ಕೊಟ್ಟರು. ಕೆಂಗಂದು ಬಣ್ಣ, ಸ್ವಲ್ಪ ಹುಳಿ. ಒಂದು ಗುಟುಕಿಗೇ ಗೊತ್ತಾಯಿತು, ರಾಗಿ. ನಮ್ಮ ರಾಗಿ ಅಂತ ಕಣ್ಣಲ್ಲಿ ನೀರು ಬಂತು. ಅವರು ಅದಕ್ಕೆ ವಿಂಬಿ ಅನ್ನುತ್ತಾರೆ, ಗಂಜಿಗೆ ಉಜಿ. ಆಮೇಲೆ ತಿಳಿಯಿತು, ರಾಗಿಯ ತವರೇ ಇಥಿಯೋಪಿಯ, ಉಗಾಂಡದ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆ ಬಂದದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ತಳಿಗೂ ಆಫ್ರಿಕಾದ ತಳಿಗೂ ಸಂಕರ ಮಾಡಿ ಇಂಡಾಫ್ ರಾಗಿ ಕೊಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ನಮ್ಮ ರೈತರ ಹೊಲದಲ್ಲಿ ಅದು ಎಷ್ಟೋ ವರ್ಷ ತೆನೆ ಬಿಟ್ಟಿದೆ. ನಿಮ್ಮ ಮಗಳು ಹೋಗುತ್ತಿರುವುದು ರಾಗಿಯ ತವರಿನ ಕಡೆಗೆ.

ಚಟ್ನಿಪುಡಿ, ಗೊಜ್ಜು ಕಟ್ಟಿಕೊಡಿ, ಸ್ಟೀಲ್ ಡಬ್ಬಿಯಲ್ಲಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. 2017ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ, ದಂಡ ದೊಡ್ಡದು. ಬಟ್ಟೆ ಸುತ್ತಲು ಹಳೆಯ ಪಂಚೆ ಸಾಕು.

ಈಗ ನಿಮ್ಮ ಎರಡನೆಯ ಭಯ. ‘ಆ ಜನರ ಮಧ್ಯೆ’ ಅಂತ ಬರೆದಿದ್ದೀರಿ. ಅಮ್ಮಾ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಹೇಳಲೇಬೇಕು. 2016ರ ಜನವರಿ ಕೊನೆಯಲ್ಲಿ ನಮ್ಮ ಬೆಂಗಳೂರಿನಲ್ಲೇ, ಹೆಸರಘಟ್ಟದ ಕಡೆ, ಟಾಂಜಾನಿಯಾದಿಂದ ಓದಲು ಬಂದಿದ್ದ ಹುಡುಗಿಯ ಮೇಲೆ ಗುಂಪೊಂದು ಕೈ ಮಾಡಿತು. ಬೇರೆ ಯಾರೋ ಮಾಡಿದ ಅಪಘಾತದ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡರು. ಅವಳ ತಾಯಿಯೂ ಮಗಳನ್ನು ಕಳಿಸುವಾಗ ನಿಮ್ಮ ಹಾಗೇ ನಿದ್ದೆಗೆಟ್ಟಿರಬೇಕು ಅಲ್ವಾ? ಆ ಸುದ್ದಿ ಓದಿದ ದಿನ, ಸಿಯಾಯದಲ್ಲಿ ಕತ್ತಲಾದ ಮೇಲೆ ನನ್ನನ್ನು ಒಂದು ದಿನವೂ ಒಬ್ಬಳೇ ನಡೆಯಲು ಬಿಡದ ಆ ಮನೆಯ ಅಣ್ಣತಮ್ಮಂದಿರು ನೆನಪಾದರು. ಲಾಟೀನು ಹಿಡಿದು ಒಬ್ಬ ಮುಂದೆ, ಒಬ್ಬ ಹಿಂದೆ.

ನಿಜವಾದ ಅಪಾಯ ರಸ್ತೆಯಲ್ಲಿದೆ. ಮಟಾಟು ಅನ್ನುವ ಬಾಡಿಗೆ ವ್ಯಾನು, ಬೋಡಾ ಬೋಡಾ ಅನ್ನುವ ಬೈಕ್ ಟ್ಯಾಕ್ಸಿ. ಬೈಕ್‌ಗೆ ಹೆಲ್ಮೆಟ್ ಇಲ್ಲದೆ ಹತ್ತುವುದು ಬೇಡ, ರಾತ್ರಿ ಪ್ರಯಾಣ ಬೇಡ. ನೈರೋಬಿಯಿಂದ ಕಿಸುಮುವಿಗೆ ರಸ್ತೆಯಲ್ಲಿ 350 ಕಿಲೋಮೀಟರ್ ಹತ್ತಿರ ಆಗುತ್ತದೆ. ಬೆಳಿಗ್ಗೆಯೇ ಹೊರಡಲಿ. ನೈರೋಬಿಯ ಭಾರತೀಯ ಹೈಕಮಿಷನ್‌ನಲ್ಲಿ ಅವಳ ಹೆಸರು, ವಿಳಾಸ ಕೊಟ್ಟಿರಲಿ.

ಇನ್ನೊಂದು ವಿಷಯ ಅವಳಿಗೆ ತಿಳಿದಿರಲಿ. ನಮ್ಮ ಮುಖ ಅಲ್ಲಿ ಹೊಸದಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾಕಲು ಬ್ರಿಟಿಷರು ಇಲ್ಲಿಂದ 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದರು. ಸುಮಾರು 2,500 ಜನ ಅಲ್ಲೇ ತೀರಿಕೊಂಡರು. ನಮ್ಮವರು ಅಂಗಡಿ ಇಟ್ಟರು. ಇವತ್ತಿಗೂ ಸ್ವಾಹಿಲಿಯಲ್ಲಿ ಅಂಗಡಿಗೆ ‘ದುಕಾ’, ಗಾಡಿಗೆ ‘ಗಾರಿ’. 1972ರಲ್ಲಿ ಉಗಾಂಡದ ಇದಿ ಅಮಿನ್ 90 ದಿನದ ಗಡುವು ಕೊಟ್ಟು ಅಲ್ಲಿನ ಏಷ್ಯಾದವರನ್ನು ಓಡಿಸಿದ. ನಿಮ್ಮ ಮಗಳನ್ನು ಮಕ್ಕಳು ‘ಮ್ಹಿಂದಿ’ ಅಂತ ಕೂಗುತ್ತಾರೆ. ಇಂಡಿಯಾದವಳು ಅಂತ. ಆ ಮಾತಿನ ಹಿಂದೆ ಅಂಗಡಿ, ಸಾಲ, ಕೂಲಿ, ಸ್ನೇಹ ಎಲ್ಲವೂ ಇದೆ. ಕೋಪ ಮಾಡಿಕೊಳ್ಳದೆ ತನ್ನ ಹೆಸರು ಹೇಳಲಿ. ಎರಡನೆಯ ವಾರದಿಂದ ಹೆಸರು ಹಿಡಿದೇ ಕೂಗುತ್ತಾರೆ. ಕರಾವಳಿ ಕಡೆಗೋ, ಟಾಂಜಾನಿಯಾಕ್ಕೋ ಹೋದರೆ ಹಿರಿಯರು ಕಂಡಾಗ ‘ಶಿಕಾಮೂ’ ಅನ್ನಬೇಕು. ನಾವು ಕಾಲು ಮುಟ್ಟಿ ನಮಸ್ಕಾರ ಮಾಡಿದ ಹಾಗೆ ಅದು. ಅವರು ‘ಮರಹಬಾ’ ಅಂತ ಆಶೀರ್ವಾದ ಮಾಡುತ್ತಾರೆ. ಸರೋವರದ ಕಡೆ ಲುವೋ ಭಾಷೆ. ಅಲ್ಲಿ ‘ಎರೊಕಮಾನೊ’ ಅಂದರೆ ಧನ್ಯವಾದ. ಇದೊಂದು ಪದ ಕಲಿತು ಹೋಗಲಿ, ಅಜ್ಜಿಯಂದಿರು ಕೈ ಹಿಡಿದು ಬಿಡುವುದಿಲ್ಲ.

ಪ್ರಶ್ನೆ: ನಾನು ನರ್ಸಿಂಗ್ ಎರಡನೆಯ ವರ್ಷ. ಉಗಾಂಡದಲ್ಲಿ ಒಂದು ತಿಂಗಳು ಇದ್ದರೆ ಹೆರಿಗೆ ಮಾಡಿಸಲು, ಹೊಲಿಗೆ ಹಾಕಲು ಬಿಡುತ್ತಾರಂತೆ. ಇಲ್ಲಿ ಇನ್ನೂ ಬಿಡುವುದಿಲ್ಲ. ಒಳ್ಳೆಯ ಅನುಭವ ಅಲ್ವಾ ಮೇಡಂ?
– ಯಲಹಂಕ

ಉತ್ತರ: ಬೇಡ ಮಗು. ಇಲ್ಲಿ ನಿನ್ನ ಕೈಗೆ ಕೊಡದ ಸೂಜಿಯನ್ನು ಅಲ್ಲೂ ಹಿಡಿಯಬೇಡ. ಹೊಲಿಗೆ ಹಾಕಿಸಿಕೊಳ್ಳುವ ಆ ಹೆಂಗಸಿಗೂ ನೋವು ಒಂದೇ. ಏನಾದರೂ ಹೆಚ್ಚುಕಡಿಮೆಯಾದರೆ ನೀನು ಒಂದು ತಿಂಗಳಿಗೆ ವಿಮಾನ ಹತ್ತುತ್ತೀಯ, ಅವಳು ಆ ಗಾಯದ ಜೊತೆ ಅಲ್ಲೇ ಇರುತ್ತಾಳೆ. ಅಲ್ಲಿಯ ಸೂಲಗಿತ್ತಿ ನರ್ಸ್ ಪಕ್ಕದಲ್ಲಿ ನಿಂತು ನೋಡಲು ಬಿಡುತ್ತಾರಾ ಅಂತ ಕೇಳು. ತಾಯಿಯನ್ನೂ ಕೇಳು. ಒಪ್ಪಿದರೆ ನಿಂತು ನೋಡು, ಅವಳ ಬೆನ್ನು ನೇವರಿಸು. ಅಷ್ಟು ಕಲಿಯುವುದೂ ಬಹಳ.

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಪೂರ್ವ ಆಫ್ರಿಕಾದ ಒಂದು ಮಕ್ಕಳ ಆಶ್ರಮದಲ್ಲಿ ಆರು ವಾರ ಇದ್ದು ಬಂದೆ. ಐದು ವರ್ಷದ ಒಬ್ಬಳು ನನ್ನನ್ನು ಬಿಟ್ಟು ಮಲಗುತ್ತಲೇ ಇರಲಿಲ್ಲ. ಹೊರಡುವ ದಿನ ಸೆರಗು ಹಿಡಿದು ಅತ್ತಳು. ‘ಬೇಗ ಬರುತ್ತೇನೆ’ ಅಂದುಬಿಟ್ಟೆ. ಈಗ ಅವಳ ಧ್ವನಿ ರೆಕಾರ್ಡ್ ಮಾಡಿ ಕಳಿಸುತ್ತಾರೆ, ಯಾವಾಗ ಬರುತ್ತೀ ಅಂತ. ಮತ್ತೆ ಹೋಗಲು ನನ್ನ ಹತ್ತಿರ ದುಡ್ಡಿಲ್ಲ. ಆಶ್ರಮದವರು ದೇಣಿಗೆ ಕೇಳುತ್ತಿದ್ದಾರೆ. ಓದಲು ಕೂತರೆ ಅವಳ ಮುಖವೇ ಬರುತ್ತದೆ.
– ಮಲ್ಲೇಶ್ವರಂ

ಉತ್ತರ: ಪತ್ರವನ್ನು ಎರಡು ಸಲ ಓದಿದೆ. ನಿನ್ನ ಪ್ರೀತಿ ಸುಳ್ಳಲ್ಲ. ಅದಕ್ಕೇ ಇದನ್ನು ನೇರವಾಗಿ ಹೇಳುತ್ತೇನೆ.

ಆ ಮಗುವಿಗೆ ನಿನಗಿಂತ ಮುಂಚೆಯೂ ಯಾರೋ ಒಬ್ಬ ಅಕ್ಕ ಬಂದು ಹೋಗಿರುತ್ತಾಳೆ. ನಿನ್ನ ನಂತರವೂ ಬಂದಿರುತ್ತಾಳೆ. ಪ್ರತಿ ಆರು ವಾರಕ್ಕೆ ಒಬ್ಬರನ್ನು ತಬ್ಬಿಕೊಂಡು, ಒಬ್ಬರನ್ನು ಕಳೆದುಕೊಳ್ಳುವುದು ಐದು ವರ್ಷದ ಮಗುವಿಗೆ ಆಗುವ ಗಾಯ. ಇದನ್ನು ಲೋಕವೂ ನಿಧಾನಕ್ಕೆ ಒಪ್ಪಿಕೊಂಡಿದೆ. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ, ಅನಾಥಾಶ್ರಮಗಳಿಗೆ ಹೀಗೆ ಸ್ವಯಂಸೇವಕರು ಬಂದು ಹೋಗುವುದರಿಂದ ಆಗುವ ಹಾನಿಯ ಬಗ್ಗೆ ಹೇಳಿತು. ಕೀನ್ಯಾ 2017ರಲ್ಲೇ ಹೊಸ ಮಕ್ಕಳ ಆಶ್ರಮಗಳ ನೋಂದಣಿ ನಿಲ್ಲಿಸಿತು. ಇಂಥ ಆಶ್ರಮಗಳಲ್ಲಿರುವ ಬಹಳ ಮಕ್ಕಳಿಗೆ ಅಪ್ಪನೋ ಅಮ್ಮನೋ ಅಜ್ಜಿಯೋ ಇದ್ದೇ ಇರುತ್ತಾರೆ. ಬಡತನಕ್ಕೆ, ಓದಿಗೆ ಅಂತ ಬಿಟ್ಟಿರುತ್ತಾರೆ.

ನೀನು ತಪ್ಪು ಮಾಡಿದೆ ಅಂತ ನಾನು ಹೇಳುವುದಿಲ್ಲ. ನಿನಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಆದರೆ ಇನ್ನು ಮುಂದೆ ಆ ಧ್ವನಿ ರೆಕಾರ್ಡುಗಳು ಬರದಂತೆ ನೋಡಿಕೋ. ದುಡ್ಡಿಗಾಗಿ ಮಗುವಿನ ಅಳು ಕಳಿಸಬಾರದು. ಆಶ್ರಮದವರಿಗೆ ಬರಿ: ದಯವಿಟ್ಟು ಅವಳಿಂದ ಮಾತಾಡಿಸಿ ಕಳಿಸಬೇಡಿ, ಅವಳ ಮನೆಯವರು ಯಾರು, ಎಲ್ಲಿದ್ದಾರೆ, ಅವಳನ್ನು ಮನೆಗೆ ಸೇರಿಸುವ ಕೆಲಸ ಯಾರು ಮಾಡುತ್ತಿದ್ದಾರೆ ಅಂತ ತಿಳಿಸಿ. ಉತ್ತರ ಬರುವವರೆಗೆ ದುಡ್ಡು ಕಳಿಸಬೇಡ. ನಿನ್ನ ಹತ್ತಿರ ಇಲ್ಲದ ದುಡ್ಡನ್ನು ಸಾಲ ಮಾಡಿಯಂತೂ ಬೇಡ. ಅವಳ ಫೋಟೊ ನಿನ್ನ ಫೋನಿನಲ್ಲಿ, ಸ್ಟೇಟಸ್‌ನಲ್ಲಿ ಇದ್ದರೆ ತೆಗೆದುಬಿಡು. ಒಂದನ್ನು ಅಚ್ಚು ಹಾಕಿಸಿ ನಿನ್ನ ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೋ.

ಅವಳಿಗೆ ಒಂದು ಪತ್ರ ಬರಿ. ಒಂದೇ ಒಂದು, ಅಂಚೆಯಲ್ಲಿ. ‘ಈ ವರ್ಷ ನಾನು ಬರುವುದಿಲ್ಲ’ ಅಂತ ಮೊದಲ ಸಾಲಿನಲ್ಲೇ ಇರಲಿ. ಬರುತ್ತೇನೋ ಏನೋ ಅಂತ ಎಳೆಯಬೇಡ. ಮಕ್ಕಳು ಆ ಎಳೆಯನ್ನೇ ಹಿಡಿದುಕೊಂಡು ಕಾಯುತ್ತಾರೆ. ಆಮೇಲೆ ಅವಳಿಗೆ ನೆನಪಿರುವ ಒಂದೆರಡು ವಿಷಯ ಬರಿ, ನೀವಿಬ್ಬರೂ ಆಡಿದ ಆಟ, ಹಾಡಿದ ಹಾಡು. ನಿನ್ನ ಮನೆ ಮುಂದಿನ ಗಿಡ ಯಾವುದು, ಅದನ್ನು ಬಿಡಿಸಿ ಬಣ್ಣ ಹಾಕು. ಓದಿ ಹೇಳಲು ಅವಳಿಗೆ ಹತ್ತಿರದವರು, ಅಲ್ಲೇ ಇರುವವರು, ಯಾರು ಅಂತ ಯೋಚಿಸು. ಅಡುಗೆ ಮಾಡುವ ಅಮ್ಮನೋ, ದೊಡ್ಡ ಹುಡುಗಿಯೋ. ಅವರ ಹೆಸರಿಗೆ ಕಳಿಸು. ಅವಳು ಅಳುವಾಗ ಪಕ್ಕದಲ್ಲಿ ಕೂರುವವರು ಅವರೇ.

ನಾನು ಸಿಯಾಯದಿಂದ ಹೊರಟಾಗ ಆ ಆರೋಗ್ಯ ಕಾರ್ಯಕರ್ತೆ ‘ಮತ್ತೆ ಬರುತ್ತೀಯಾ’ ಅಂತ ಕೇಳಿದ್ದರು. ಗೊತ್ತಿಲ್ಲ ಅಮ್ಮಾ ಅಂದೆ. ಅವರು ತಲೆಯಾಡಿಸಿ, ಹಾಗಾದರೆ ಪತ್ರ ಹಾಕು ಅಂದರು. ಹಾಕಿದೆ, ಒಂಬತ್ತು ವರ್ಷ. ಅವರ ಮಗನ ಕೈಬರಹದಲ್ಲಿ ಉತ್ತರ ಬರುತ್ತಿತ್ತು. ಮಳೆ ಆಯಿತು, ಮೊಮ್ಮಗ ಶಾಲೆಗೆ ಸೇರಿದ, ಮಡಕೆಗೆ ಹೊಸ ಸೌಟು ಬಂತು.

ಬರೆಯಲು ಆಗದೆ ನಿಂತುಹೋದರೆ ಪತ್ರದ ಕರಡನ್ನು ನನಗೆ ಕಳಿಸು, ಇಬ್ಬರೂ ಸೇರಿ ಮುಗಿಸೋಣ. ಹೊಟ್ಟೆಗೆ ಸರಿಯಾಗಿ ತಿನ್ನು. ಪರೀಕ್ಷೆ ಹತ್ತಿರ ಇದೆ ಅಂತ ಕೊನೆಯ ಸಾಲಿನಲ್ಲಿ ಬರೆದಿದ್ದೀಯ.